ಹೆಜ್ಜೆಯ ಜೊತೆಗಾರ: ಲಿಸು ಜನರ ಮೀಟುವಾದ್ಯವನ್ನು ಕುರಿತು



ಒಂದು ವಾದ್ಯವನ್ನು ಅರಿಯಲು ಹೊರಟವರು ಮೊದಲು ಯಾವ ಪ್ರಶ್ನೆ ಕೇಳಬೇಕು? ನಮ್ಮ ಪರಂಪರೆ ಇದಕ್ಕೆ ಬಹಳ ಹಿಂದೆಯೇ ಒಂದು ಉತ್ತರ ಕೊಟ್ಟಿದೆ. ಭರತನ ನಾಟ್ಯಶಾಸ್ತ್ರ ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕಾಗಿ ವಿಂಗಡಿಸಿತು. ತಂತಿ ನುಡಿದರೆ ತತ, ಚರ್ಮ ನುಡಿದರೆ ಅವನದ್ಧ, ಲೋಹದ ಗಟ್ಟಿ ನುಡಿದರೆ ಘನ, ಉಸಿರು ನುಡಿದರೆ ಸುಷಿರ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಸೆಲ್ಸ್‌ನ ವಾದ್ಯ ಸಂಗ್ರಹಾಲಯವನ್ನು ಅಣಿಗೊಳಿಸಿದ ಮಹಿಯೋಂ ಇದೇ ನಾಲ್ಕು ವರ್ಗಗಳ ದಾರಿ ಹಿಡಿದ. 1914ರಲ್ಲಿ ಹಾರ್ನ್‌ಬಾಸ್ಟೆಲ್ ಮತ್ತು ಸಾಕ್ಸ್ ಅದನ್ನು ವಿಸ್ತರಿಸಿದರು. ಇಂದು ಜಗತ್ತಿನ ಯಾವ ಸಂಗ್ರಹಾಲಯಕ್ಕೆ ಹೋದರೂ ಗಾಜಿನ ಹಿಂದಿರುವ ವಾದ್ಯದ ಪಕ್ಕದ ಚೀಟಿ ಇದೇ ಮನೆತನದ ಮಾತನ್ನು ಆಡುತ್ತದೆ. ಅದು ಕೇಳುವ ಪ್ರಶ್ನೆ ಒಂದೇ: ಇಲ್ಲಿ ನುಡಿಯುವುದು ಯಾವುದು?

ಈ ಪ್ರಶ್ನೆಯ ಬೆಲೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಇದರ ಪಕ್ಕದಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕೆಂಬುದು ಈ ಉಪನ್ಯಾಸದ ವಾದ. ವಾದ್ಯ ಯಾರ ಜೊತೆಗಾರ? ಅದು ಕೊರಳಿನ ಜೊತೆ ಹೋಗುತ್ತದೆಯೋ, ಕಾಲಿನ ಜೊತೆ ಹೋಗುತ್ತದೆಯೋ, ದೇವರ ಮುಂದೆ ಒಂಟಿಯಾಗಿ ಕೂರುತ್ತದೆಯೋ? ಪಕ್ಕವಾದ್ಯ ಎಂಬ ಪದ ನಮ್ಮಲ್ಲಿದೆ. ಅದನ್ನು ದಿನವೂ ಬಳಸುತ್ತೇವೆ. ಆದರೆ ಆ 'ಪಕ್ಕ' ಯಾರದು ಎಂದು ಕೇಳಿದರೆ ನಮ್ಮ ಮನಸ್ಸಿಗೆ ಬರುವುದು ಹಾಡುಗಾರನೇ. ಪಿಟೀಲು ಹಾಡನ್ನು ಹಿಂಬಾಲಿಸುತ್ತದೆ, ವೀಣೆ ಹಾಡಿದಂತೆ ನುಡಿದರೆ ಅದು ದೊಡ್ಡ ಮೆಚ್ಚುಗೆ, ತಂಬೂರಿ ಹಾಡಿಗೆ ನೆಲ ಹಾಸಿಕೊಡುತ್ತದೆ. ತಂತಿಯೆಂದರೆ ಕೊರಳಿನ ನೆಂಟ ಎಂಬ ನಂಬಿಕೆ ನಮ್ಮ ಕಿವಿಯಲ್ಲೇ ಕೂತುಬಿಟ್ಟಿದೆ. ಕಾಲಿಗೆ ಬೇಕಾದುದನ್ನು ನಾವು ಡೊಳ್ಳಿಗೆ, ತಮಟೆಗೆ, ಮದ್ದಳೆಗೆ, ತಾಳಕ್ಕೆ ಒಪ್ಪಿಸಿದ್ದೇವೆ.

ಈ ನಂಬಿಕೆಯನ್ನು ಅಲುಗಾಡಿಸುವ ಒಂದು ಸಣ್ಣ ವಾದ್ಯವನ್ನು ಇಂದು ನಿಮ್ಮ ಮುಂದಿಡುತ್ತೇನೆ. ಅದು ಲಿಸು ಜನರ ಮೀಟುವಾದ್ಯ.

ಲಿಸು ಜನ ಯಾರು, ಎಲ್ಲಿಯವರು ಎಂಬುದನ್ನು ಮೊದಲು ಹೇಳಬೇಕು. ಟಿಬೆಟೋ-ಬರ್ಮನ್ ಕುಟುಂಬಕ್ಕೆ ಸೇರಿದ ಭಾಷೆಯನ್ನಾಡುವ ಬೆಟ್ಟದ ಜನ ಇವರು. ಚೀನಾದ ಯುನ್ನಾನ್ ಪ್ರಾಂತ್ಯ ಇವರ ದೊಡ್ಡ ನೆಲೆ. 2010ರ ಚೀನೀ ಜನಗಣತಿಯಲ್ಲಿ ಇವರ ಸಂಖ್ಯೆ ಏಳು ಲಕ್ಷ ದಾಟಿತ್ತು. ಅವರಲ್ಲಿ ಬಹಳ ಜನ ಇರುವುದು ಒಂದು ನದಿಯ ಕಣಿವೆಯಲ್ಲಿ. ನಾವು ಭೂಪಟದಲ್ಲಿ ಸಾಲ್ವೀನ್ ಎಂದು ಓದುವ ಆ ನದಿಗೆ ಅಲ್ಲಿ ನು ನದಿ ಎಂದು ಹೆಸರು. ಒಂದು ಕಡೆ ಗಾವೊಲಿಗಾಂಗ್ ಸಾಲು, ಇನ್ನೊಂದು ಕಡೆ ಬಿಲುವೊ ಹಿಮಪರ್ವತ, ನಡುವಿನ ಆಳವಾದ ಕಮರಿಯಲ್ಲಿ ನದಿ. ಸೇತುವೆಗಳು ಬರುವ ಮುನ್ನ ಈ ದಡದವರು ಆ ದಡಕ್ಕೆ ಹೋಗುತ್ತಿದ್ದುದು ಹಗ್ಗಕ್ಕೆ ಜೋತುಬಿದ್ದು ಜಾರಿಕೊಂಡು. 1954ರಲ್ಲಿ ಈ ಕಣಿವೆಗೆ ಲಿಸು ಜನರ ಹೆಸರಿನ ಸ್ವಾಯತ್ತ ಆಡಳಿತ ಬಂತು. ಇಂದು ಅದು ನುಜಿಯಾಂಗ್ ಲಿಸು ಸ್ವಾಯತ್ತ ಪ್ರಾಂತ. ಅಲ್ಲಿಂದ ದಕ್ಷಿಣಕ್ಕೂ ಪಶ್ಚಿಮಕ್ಕೂ ಹರಡಿದ ಲಿಸು ಜನ ಮ್ಯಾನ್ಮಾರಿನ ಕಚಿನ್, ಶಾನ್ ರಾಜ್ಯಗಳಲ್ಲಿದ್ದಾರೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಥಾಯ್ಲೆಂಡಿನ ಉತ್ತರದ ಬೆಟ್ಟಗಳಿಗೆ, ಅಂದರೆ ಚಿಯಾಂಗ್ ರಾಯ್, ಚಿಯಾಂಗ್ ಮಾಯ್, ಮೇ ಹಾಂಗ್ ಸೋನ್ ಕಡೆಗೂ ಬಂದು ನೆಲೆಸಿದರು. ಒಂದು ಸಣ್ಣ ಕವಲು ನಮ್ಮ ದೇಶದಲ್ಲೂ ಇದೆ. ಅದರ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಇನ್ನು ವಾದ್ಯದ ಹೆಸರು. ನುಜಿಯಾಂಗ್ ಕಣಿವೆಯಲ್ಲಿರುವುದು ನಾಲ್ಕು ತಂತಿಯ ವಾದ್ಯ. ಚೀನೀ ಬರಹಗಳಲ್ಲಿ ಅದರ ಹೆಸರು ಚಿಬೆನ್ ಎಂದಾಗುತ್ತದೆ. ಥಾಯ್ಲೆಂಡಿನ ಲಿಸು ಜನರ ಕೈಯಲ್ಲಿರುವುದಕ್ಕೆ ಮೂರೇ ತಂತಿ. ಅದರ ಹೆಸರನ್ನು ಕನ್ನಡದಲ್ಲಿ ಬರೆಯಲು ಹೋದರೆ ತ್ಸೂಬೂ ಎಂದು ಬರೆಯಬೇಕಾಗುತ್ತದೆ, ಆದರೆ ಅದು ಸರಿಯಾದ ಉಚ್ಚಾರವಲ್ಲ. ಆ ಎರಡೂ ಸ್ವರಗಳನ್ನು ಹೇಳುವಾಗ ತುಟಿ ದುಂಡಗಾಗಬಾರದು. ನಾಲಿಗೆ 'ಉ'ಕಾರದ ಜಾಗದಲ್ಲಿದ್ದು ತುಟಿ ಅಗಲವಾಗಿಯೇ ಇರಬೇಕು. ಕನ್ನಡದ ವರ್ಣಮಾಲೆಯಲ್ಲಿ ಇದಕ್ಕೆ ಅಕ್ಷರವಿಲ್ಲ. ಆದರೆ ಈ ಸಭೆಯಲ್ಲಿ ತುಳುವನ್ನೋ ಕೊಡವ ತಕ್ಕನ್ನೋ ಮನೆಮಾತಾಗಿ ಆಡುವವರಿದ್ದರೆ ಅವರ ನಾಲಿಗೆಗೆ ಇಂಥ ಸ್ವರ ಹೊಸದಲ್ಲ. ತುಳುವಿನಲ್ಲಿ ಎಷ್ಟೋ ಪದಗಳು ಕೊನೆಯಾಗುವುದೇ ತುಟಿ ದುಂಡಗಾಗದ ಆ ಅರೆ ಉಕಾರದಲ್ಲಿ. ಹೆಸರನ್ನು ಅವರಿಂದ ಹೇಳಿಸಿಕೊಂಡರೆ ನಾವು ಸರಿಯಾದ ಉಚ್ಚಾರಕ್ಕೆ ಒಂದು ಹೆಜ್ಜೆ ಹತ್ತಿರವಾಗುತ್ತೇವೆ.

ಈಗ ಥಾಯ್ಲೆಂಡಿನ ಮೂರು ತಂತಿಯ ತ್ಸೂಬೂವನ್ನು ಕೈಗೆತ್ತಿಕೊಂಡಂತೆ ನೋಡೋಣ. ಉದ್ದನೆಯ ತೆಳು ಕೊರಳು. ಅದರ ತುದಿಯಲ್ಲಿ ಮೂರು ಬಿರಡೆ. ಕೆಳಗೆ ಮರದಲ್ಲಿ ತೋಡಿದ ಪುಟ್ಟ ಬುರುಡೆ. ಬುರುಡೆಯ ಬಾಯಿಗೆ ಹಲಗೆಯಿಲ್ಲ, ಉಡದಂಥ ಪ್ರಾಣಿಯ ಚರ್ಮವನ್ನೋ ಹಾವಿನ ಚರ್ಮವನ್ನೋ ಬಿಗಿದಿರುತ್ತಾರೆ. ಆ ಚರ್ಮದ ಮೇಲೆ ಸಣ್ಣ ಕುದುರೆ, ಕುದುರೆಯ ಮೇಲೆ ತಂತಿ. ಕೊರಳಿನ ಮೇಲೆ ಮೆಟ್ಟಿಲುಗಳಿಲ್ಲ. ನಮ್ಮ ವೀಣೆಯ ಮೇಣದ ಮೇಲೆ ಇಪ್ಪತ್ತನಾಲ್ಕು ಮೆಟ್ಟಿಲು ಕೂರಿಸಿ ಸ್ವರಕ್ಕೆ ಮನೆ ಕಟ್ಟಿಕೊಡುತ್ತೇವಲ್ಲ, ಅಂಥ ಏರ್ಪಾಡು ಇಲ್ಲಿಲ್ಲ. ಸ್ವರ ಎಲ್ಲಿದೆ ಎಂಬುದು ಬೆರಳಿಗೆ ಗೊತ್ತಿರಬೇಕು, ಅಷ್ಟೆ.

ಈ ಕಟ್ಟಡದ ವಾದ್ಯಗಳ ಬಳಗ ದೊಡ್ಡದು. ಚೀನಾದ ಸಾನ್‌ಶಿಯಾನ್, ಅದರ ಸಂತಾನವಾದ ಒಕಿನಾವಾದ ಸಾನ್‌ಶಿನ್, ಜಪಾನಿನ ಶಾಮಿಸೆನ್ ಮೂರಕ್ಕೂ ಮೂರೇ ತಂತಿ, ಚರ್ಮದ ಬಾಯಿ, ಮೆಟ್ಟಿಲಿಲ್ಲದ ಕೊರಳು. ಯುನ್ನಾನಿನಲ್ಲೇ ಇರುವ ನಾಶಿ ಜನರ ಸುಗುದು, ಟಿಬೆಟಿನ ದ್ರಾಮ್ಯೆನ್ ಸಹ ದೂರದ ನೆಂಟರೇ. ನಮಗೆ ಹತ್ತಿರದ ಹೋಲಿಕೆ ಬೇಕಾದರೆ ಸರೋದ್ ಇದೆ. ಚರ್ಮದ ಹೊದಿಕೆ, ಮೆಟ್ಟಿಲಿಲ್ಲದ ಬೆರಳ ಹಲಗೆ. ಆದರೆ ಸರೋದಿನ ಲೋಹದ ಹಲಗೆ, ತರಬುಗಳು, ಹತ್ತಾರು ತಂತಿಗಳು ಬೇರೆಯೇ ಲೋಕಕ್ಕೆ ಸೇರಿದವು. ಅಲ್ಲಿ ಸ್ವರ ನಿಲ್ಲಬೇಕು, ಜಾರಬೇಕು, ತೂಗಬೇಕು. ಲಿಸು ವಾದ್ಯಕ್ಕೆ ಅದು ಬೇಕಿಲ್ಲ.

ಯಾಕೆ ಬೇಕಿಲ್ಲ ಎಂಬಲ್ಲಿ ಸ್ವಲ್ಪ ನಿಲ್ಲೋಣ, ನನ್ನ ವಾದದ ಬೇರು ಇಲ್ಲಿಯೇ ಇದೆ.

ತಂತಿಯ ಕೆಳಗೆ ಮರದ ಹಲಗೆಯಿದ್ದರೆ ಮೀಟಿದ ನಾದ ತಡೆದು ನಿಲ್ಲುತ್ತದೆ. ಹಲಗೆ ಭಾರವಾದುದು, ತಂತಿಯ ಶಕ್ತಿಯನ್ನು ನಿಧಾನವಾಗಿ ಗಾಳಿಗೆ ಬಿಡುತ್ತದೆ. ಚರ್ಮ ಹಗುರ. ಅದು ತಂತಿಯ ಶಕ್ತಿಯನ್ನೆಲ್ಲ ಒಮ್ಮೆಗೇ ಹೊರಗೆ ಚೆಲ್ಲುತ್ತದೆ. ಆದ್ದರಿಂದ ಚರ್ಮದ ಬಾಯಿಯ ವಾದ್ಯದಲ್ಲಿ ಮೀಟಿದ ಕ್ಷಣಕ್ಕೆ ನಾದ ಜೋರಾಗಿ ಎದ್ದು ಬೇಗ ಆರಿಹೋಗುತ್ತದೆ. ಮೀಟು ತುಸು ಒರಟಾದರೆ ಚರ್ಮವೂ ತನ್ನ ದನಿ ಸೇರಿಸುತ್ತದೆ. ತಂತಿಯ ಸ್ವರದ ಜೊತೆ ಒಂದು ಟಪ್ ಎಂಬ ಸದ್ದು ಬರುತ್ತದೆ. ಹಾಡುಗಾರನಿಗೆ ಇದು ಅಷ್ಟೇನೂ ಉಪಕಾರಿಯಲ್ಲ, ಅವನಿಗೆ ಆತುಕೊಳ್ಳಲು ನೀಳವಾದ ನಾದ ಬೇಕು. ಕುಣಿಯುವವನಿಗೆ ಬೇಕಾದುದು ಮಾತ್ರ ಇದೇ. ಕಾಲು ಎಲ್ಲಿ ನೆಲ ಮುಟ್ಟಬೇಕು ಎಂಬುದನ್ನು ತಪ್ಪದೆ ಹೇಳುವ ಮೊನಚು, ಮುಂದಿನ ಹೆಜ್ಜೆಗೆ ಜಾಗ ಬಿಡುವ ಮೌನ.

ಆದ್ದರಿಂದ ಭರತನ ವಿಂಗಡಣೆಯಲ್ಲಿ ಈ ವಾದ್ಯವನ್ನು ತತದಲ್ಲಿ ಇಡಬೇಕೆ, ಅವನದ್ಧದಲ್ಲಿ ಇಡಬೇಕೆ ಎಂದು ಕೇಳಿದರೆ ಪುಸ್ತಕದ ಉತ್ತರ ತತ ಎಂದೇ. ತಪ್ಪಲ್ಲ. ಆದರೆ ಕೆಲಸದಲ್ಲಿ ಅದು ಅರ್ಧ ಅವನದ್ಧ. ಮಟ್ಟನ್ನೂ ಪೆಟ್ಟನ್ನೂ ಒಂದೇ ಕೈ ಕೊಡುತ್ತದೆ. ಉತ್ತರ ಥಾಯ್ಲೆಂಡಿನ ಲಿಸು ಕುಣಿತದಲ್ಲಿ ಲಯ ಹಿಡಿಯುವುದಕ್ಕೆ ಡೊಳ್ಳು ಬರುವುದಿಲ್ಲ. ಬರುವುದು ಈ ತಂತಿವಾದ್ಯ ಅಥವಾ ಫುಲು ಎಂಬ ಬಾಯಿವಾದ್ಯ. ಫುಲು ಎಂದರೆ ಒಣಗಿದ ಸೋರೆಬುರುಡೆಗೆ ಐದು ಬಿದಿರು ಕೊಳವೆ ಸಿಕ್ಕಿಸಿ ಮಾಡಿದ ವಾದ್ಯ. ಕೊಳವೆಯೊಳಗೆ ಪುಟ್ಟ ನಾಲಿಗೆ ಇರುತ್ತದೆ. ಊದಿದರೂ ನುಡಿಯುತ್ತದೆ, ಉಸಿರು ಎಳೆದುಕೊಂಡರೂ ನುಡಿಯುತ್ತದೆ. ಹೀಗಾಗಿ ಅದರ ನಾದಕ್ಕೆ ಬಿರುಕಿಲ್ಲ. ತಂತಿಯ ನಾದವೆಲ್ಲ ಬಿಡಿ ಬಿಡಿ ಚುಕ್ಕೆ. ಗುಣ ಇಷ್ಟು ಬೇರೆಯಾದರೂ ಎರಡಕ್ಕೂ ಒಪ್ಪಿಸಿದ ಕೆಲಸ ಒಂದೇ: ಕುಣಿತದ ಮಟ್ಟು ನುಡಿಸಿ ಹೆಜ್ಜೆಯನ್ನು ನಡೆಸುವುದು.

ಉತ್ತರ ಥಾಯ್ಲೆಂಡಿನ ಲಿಸು ಸಂಗೀತವನ್ನು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಶ್ರದ್ಧೆಯಿಂದ ದಾಖಲಿಸಿದ ವಿದ್ವಾಂಸರು ಒಂದು ಮುಖ್ಯ ಸಂಗತಿಯನ್ನು ಗುರುತಿಸಿದ್ದಾರೆ. ಲಿಸು ಜನರ ಹಾಡು ಸಾಮಾನ್ಯವಾಗಿ ವಾದ್ಯದ ಆಸರೆಯಿಲ್ಲದೆ ನಡೆಯುತ್ತದೆ. ಗಂಡಸರದೊಂದು ಗುಂಪು, ಹೆಂಗಸರದೊಂದು ಗುಂಪು. ಒಬ್ಬರು ಎತ್ತಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುತ್ತಾ ಹೋಗುವ ಹಾಡು ಅದು. ಅಲ್ಲಿ ತಂತಿಗೆ ಕೆಲಸವಿಲ್ಲ. ತಂತಿ ನುಡಿಯುವುದು ಕುಣಿಯುವಾಗ, ಮತ್ತು ಕುಣಿಯುವಾಗ ಹಾಡಿಲ್ಲ. ಹಾಡು ಒಂದು ಮನೆ, ತಂತಿ ಇನ್ನೊಂದು ಮನೆ, ನಡುವೆ ಅಂಗಳ. ನಮ್ಮ ಕಿವಿಗೆ ಇದು ಎಷ್ಟು ಅಪರಿಚಿತ ಎಂಬುದನ್ನು ಒಮ್ಮೆ ಯೋಚಿಸಿ ನೋಡಿ. ನಮ್ಮಲ್ಲಿ ಚೌಡಿಕೆಯೂ ಏಕತಾರಿಯೂ ಕಿನ್ನರಿ ಜೋಗಿಯ ಕಿನ್ನರಿಯೂ ಬಾಯಿ ತೆರೆದ ಹಾಡುಗಾರನನ್ನು ಬಿಟ್ಟು ಇರಲಾರವು.

ಈ ಅಗಲಿಕೆಗೆ ಕಾರಣವೇನಿರಬಹುದು? ನನ್ನದೊಂದು ಊಹೆಯಿದೆ, ಊಹೆ ಎಂದೇ ಸ್ವೀಕರಿಸಿ. ಲಿಸು ಸ್ವರಭಾರದ ಭಾಷೆ. ಒಂದೇ ಅಕ್ಷರವನ್ನು ಏರುದನಿಯಲ್ಲಿ ಹೇಳಿದರೆ ಒಂದು ಅರ್ಥ, ಇಳಿದನಿಯಲ್ಲಿ ಹೇಳಿದರೆ ಇನ್ನೊಂದು. ಬರಹದಲ್ಲಿ ಇಂಥ ಆರು ದನಿಗಳನ್ನು ಗುರುತಿಸುತ್ತಾರೆ. ಹಾಗಿರುವಾಗ ಹಾಡಿನ ಮಟ್ಟು ಮಾತಿನ ಏರಿಳಿತವನ್ನು ಪೂರ್ತಿ ಮರೆತು ತನ್ನಿಷ್ಟದಂತೆ ಓಡಲಾರದು. ಹಾಡುಗಾರ ಪದಕ್ಕೆ ಬಾಗುತ್ತಾನೆ, ನಿಲ್ಲುತ್ತಾನೆ, ಎದುರಿನ ಗುಂಪಿನ ಉತ್ತರಕ್ಕೆ ಕಾಯುತ್ತಾನೆ. ಅವನ ಲಯ ಮಾತಿನ ಲಯ. ಕುಣಿತಕ್ಕೆ ಇದು ಒಗ್ಗದು. ವೃತ್ತದಲ್ಲಿ ಕೈ ಕೈ ಹಿಡಿದ ನಲವತ್ತು ಜನ ಒಂದೇ ಹೊತ್ತಿಗೆ ಕಾಲೆತ್ತಬೇಕಾದರೆ ಮಾತಿನ ಹಂಗಿಲ್ಲದ, ತಿರುತಿರುಗಿ ಬರುವ ಒಂದು ಮಟ್ಟು ಬೇಕು. ಆ ಕೆಲಸವನ್ನು ಮಾತಿಲ್ಲದ ತಂತಿ ವಹಿಸಿಕೊಂಡಿತು.

ಈ ಊಹೆಗೆ ಎದುರು ನಿಲ್ಲುವ ಸಂಗತಿಯೂ ಇದೆ, ಅದನ್ನು ಮುಚ್ಚಿಡುವುದು ಸಲ್ಲದು. ಯುನ್ನಾನಿನ ವೈಶಿ ಪ್ರದೇಶದ ಲಿಸು ಜನರಲ್ಲಿ ಆಚಿಮುಗ್ವಾ ಎಂಬ ಕುಣಿತವಿದೆ. ಮೇಕೆಯ ಹಾಡು ಎಂದು ಅದರ ಅರ್ಥ. ಮೇಕೆಯ ನಡಿಗೆಯನ್ನೂ ಕೂಗನ್ನೂ ಹೋಲುವ ಆ ಕುಣಿತದಲ್ಲಿ ಯಾವ ವಾದ್ಯವೂ ಇಲ್ಲ, ಕುಣಿಯುವವರೇ ಹಾಡುತ್ತಾರೆ. ಅಲ್ಲಿ ಕೊರಳೂ ಕಾಲೂ ಒಂದೇ ಮನೆಯಲ್ಲಿವೆ. 2006ರಲ್ಲಿ ಚೀನಾ ತನ್ನ ಅಮೂರ್ತ ಪರಂಪರೆಯ ಮೊದಲ ರಾಷ್ಟ್ರೀಯ ಪಟ್ಟಿ ಪ್ರಕಟಿಸಿದಾಗ ಆಚಿಮುಗ್ವಾವನ್ನೂ, ಲಿಸು ಜನಪದ ಹಾಡುಗಳನ್ನೂ, ಕತ್ತಿಯಲಗುಗಳ ಏಣಿ ಹತ್ತುವ ಹಬ್ಬವನ್ನೂ ಅದರಲ್ಲಿ ಸೇರಿಸಿತು. ಒಂದೇ ಜನ, ಕಣಿವೆಗೊಂದು ರೀತಿ. ಆದರೂ ಇಲ್ಲಿ ಒಂದನ್ನು ಗಮನಿಸಬೇಕು. ತಂತಿ ಇಲ್ಲದ ಕಡೆ ಕೊರಳು ಕಾಲಿನ ಕೆಲಸಕ್ಕೆ ಇಳಿಯಿತು. ತಂತಿ ಇರುವ ಕಡೆ ಕೊರಳಿಗೆ ಆ ಹೊರೆ ತಪ್ಪಿತು.

ಕುಣಿತದ ಜಾಗ ಎಲ್ಲಿ ಎಂಬುದನ್ನೂ ನೋಡಬೇಕು. ಥಾಯ್ಲೆಂಡಿನ ಲಿಸು ಹಳ್ಳಿಗಳಲ್ಲಿ ದೊಡ್ಡ ಕುಣಿತ ಹೊಸವರ್ಷದ್ದು. ಚೀನೀ ಹೊಸವರ್ಷದ ಹೊತ್ತಿಗೇ ಅದು ಬರುತ್ತದೆ. ಬೆಳೆ ಮನೆ ಸೇರಿ ಚಳಿ ಇರುವಾಗ. ಅಂಗಳದಲ್ಲಿ ಒಂದು ಗಿಡವನ್ನು ಕಡಿದು ತಂದು ನೆಡುತ್ತಾರೆ. ಅದಕ್ಕೆ ಹಂದಿಮಾಂಸದ ತುಂಡು, ಕುಟ್ಟಿದ ಅಂಟಕ್ಕಿಯ ರೊಟ್ಟಿ ಕಟ್ಟುತ್ತಾರೆ. ಅದರ ಸುತ್ತ ವೃತ್ತ. ವಾದ್ಯಗಾರ ಆ ವೃತ್ತದ ಒಳಗೆ ಹೆಜ್ಜೆ ಹಾಕುತ್ತಲೇ ನುಡಿಸುತ್ತಾನೆ, ಕೂತು ನುಡಿಸುವುದಿಲ್ಲ. ಬಣ್ಣ ಬಣ್ಣದ ಪಟ್ಟಿ ಹೊಲಿದ ಅಂಗಿ, ಹಿಂದೆ ನೇತಾಡುವ ನೂರಾರು ನೂಲಿನ ಗೊಂಡೆಗಳು ಕಾಲಿನ ಲಯಕ್ಕೆ ತೂಗುತ್ತವೆ. ಒಂದು ಮನೆಯ ಅಂಗಳ ಮುಗಿದರೆ ಇನ್ನೊಂದು ಮನೆ. ಪ್ರತಿ ಮನೆಯ ಮುಂದೆಯೂ ವೃತ್ತ ಹೊಸದಾಗಿ ಕೂಡುತ್ತದೆ. ರಾತ್ರಿ ಬೆಳಗಾಗುತ್ತದೆ.

ಈ ಚಿತ್ರದಲ್ಲಿ ವಾದ್ಯಗಾರನ ಸ್ಥಾನ ನನ್ನನ್ನು ಬಹಳವಾಗಿ ಸೆಳೆಯುತ್ತದೆ. ಲಿಸು ಸಮಾಜದಲ್ಲಿ ಸಂಗೀತಕ್ಕೆಂದೇ ಮೀಸಲಾದ ಜಾತಿಯಿಲ್ಲ. ಅರಮನೆಯಿಲ್ಲ, ಆಸ್ಥಾನವಿಲ್ಲ. ಈ ಸಮಾಜವನ್ನು ಅಭ್ಯಸಿಸಿದ ಮಾನವಶಾಸ್ತ್ರಜ್ಞರು ಮತ್ತೆ ಮತ್ತೆ ಹೇಳುವ ಮಾತೆಂದರೆ ಇವರು ಒಬ್ಬನ ಯಜಮಾನಿಕೆಯನ್ನು ಸುಲಭವಾಗಿ ಒಪ್ಪದವರು ಎಂಬುದು. ಬೆಟ್ಟದ ಜನ ರಾಜ್ಯಗಳ ಹಿಡಿತದಿಂದ ದೂರ ಉಳಿದ ಬಗೆಯನ್ನು ಕುರಿತು 2009ರಲ್ಲಿ ಪುಸ್ತಕ ಬರೆದ ಜೇಮ್ಸ್ ಸ್ಕಾಟ್ ಕೂಡ ಲಿಸು ಜನರ ಈ ಗುಣವನ್ನು ಎತ್ತಿ ಹೇಳುತ್ತಾನೆ. ಅಂಥ ಜನರ ಕುಣಿತ ಸಾಲಾಗಿಲ್ಲ, ವೃತ್ತವಾಗಿದೆ. ವೃತ್ತಕ್ಕೆ ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ನಡೆಸುವವನು ಒಬ್ಬನಿದ್ದಾನೆ ನಿಜ, ಆದರೆ ಅವನ ಅಧಿಕಾರ ಮಟ್ಟು ಮುಗಿಯುವವರೆಗೆ ಮಾತ್ರ. ಕೈ ಸೋತರೆ ವಾದ್ಯ ಇನ್ನೊಬ್ಬರ ಕೈಗೆ ಹೋಗುತ್ತದೆ.

ಇಷ್ಟು ಹೇಳಿದ ಮೇಲೆ ವಾದ್ಯದ ಇಂದಿನ ಸ್ಥಿತಿಯ ಮಾತಿಗೆ ಬರಬೇಕು. ಇದರಲ್ಲಿ ಒಬ್ಬ ವ್ಯಕ್ತಿಯ ಕಥೆ ಬರುತ್ತದೆ. ಸಂಗೀತದವರಾದ ನಾವು ಅದನ್ನು ತಿಳಿದಿರುವುದು ಒಳ್ಳೆಯದು.

ಜೇಮ್ಸ್ ಫ್ರೇಸರ್ ಎಂಬ ಇಂಗ್ಲಿಷ್ ಯುವಕ ಎಂಜಿನಿಯರಿಂಗ್ ಓದಿದವನು, ಜೊತೆಗೆ ನುರಿತ ಪಿಯಾನೋ ವಾದಕ. 1908ರಲ್ಲಿ ಕ್ರೈಸ್ತ ಮಿಷನರಿಯಾಗಿ ಚೀನಾಕ್ಕೆ ಬಂದು ಯುನ್ನಾನಿನ ಲಿಸು ಜನರ ನಡುವೆ ನೆಲೆಸಿದ. 1938ರಲ್ಲಿ ಅಲ್ಲೇ ತೀರಿಕೊಂಡ. ಲಿಸು ಭಾಷೆಗೆ ಆಗ ಬರಹವಿರಲಿಲ್ಲ. 1915ರ ಸುಮಾರಿಗೆ ಸಾರಾ ಬಾ ಥಾ ಎಂಬ ಕರೆನ್ ಬೋಧಕನ ಜೊತೆಗೂಡಿ ಫ್ರೇಸರ್ ಒಂದು ಲಿಪಿ ರೂಪಿಸಿದ. ರೋಮನ್ ದೊಡ್ಡಕ್ಷರಗಳನ್ನೇ ತೆಗೆದುಕೊಂಡು, ಸಾಲದೆ ಬಂದ ಧ್ವನಿಗಳಿಗೆ ಅವೇ ಅಕ್ಷರಗಳನ್ನು ತಲೆಕೆಳಗು ಮಾಡಿ ಬಳಸಿದ. ಅಚ್ಚಿನಮನೆಯ ಸಾಮಾನ್ಯ ಮೊಳೆಗಳೇ ಸಾಕಾದವು. ಆರು ದನಿಗಳಿಗೆ ಅವನು ಹುಡುಕಿದ ಉಪಾಯ ಇನ್ನೂ ಸೊಗಸಾದುದು. ಪೂರ್ಣವಿರಾಮ, ಅಲ್ಪವಿರಾಮ, ಅವುಗಳ ಜೋಡಿಗಳು. ಅಂದರೆ ನಾವು ಉಸಿರು ನಿಲ್ಲಿಸಲು ಬಳಸುವ ಚುಕ್ಕೆಗಳು ಅಲ್ಲಿ ದನಿಯ ಎತ್ತರ ಹೇಳುತ್ತವೆ. ಕೀಲಿಮಣೆಯ ಮೇಲೆ ಬೆರಳಾಡಿಸಿದ ಕಿವಿಗೆ ಮಾತಿನ ಸಂಗೀತ ಕೇಳಿಸಿತ್ತು ಎನ್ನಬೇಕು. 1992ರಲ್ಲಿ ಚೀನಾ ಸರ್ಕಾರ ಈ ಲಿಪಿಗೆ ಅಧಿಕೃತ ಮನ್ನಣೆ ಕೊಟ್ಟಿತು. 2009ರಲ್ಲಿ ಅದು ಯೂನಿಕೋಡ್ ಸೇರಿತು. ನ್ಯಾಯವಾಗಿ ಇದನ್ನೂ ಸೇರಿಸಬೇಕು: 1920ರ ದಶಕದಲ್ಲಿ ವೈಶಿಯ ವಾಂಗ್ ರೆನ್‌ಬೊ ಎಂಬ ಲಿಸು ರೈತ ಯಾರ ನೆರವೂ ಇಲ್ಲದೆ ಸಾವಿರಕ್ಕೆ ಸಮೀಪದ ಅಕ್ಷರಗಳ ತನ್ನದೇ ಲಿಪಿಯೊಂದನ್ನು ಕಟ್ಟಿ ಪೂಜೆಯ ಹಾಡುಗಳನ್ನು ಅದರಲ್ಲಿ ಬರೆದಿಟ್ಟ.

ಫ್ರೇಸರ್ ಮತ್ತು ಅವನ ನಂತರದವರಿಂದ ಲಿಸು ಜನರಿಗೆ ಇನ್ನೊಂದು ಬಂತು. ನಾಲ್ಕು ದನಿಗಳಲ್ಲಿ ಹಾಡುವ ಪ್ರಾರ್ಥನಾ ಗೀತೆ. ಇಂದು ನುಜಿಯಾಂಗ್ ಕಣಿವೆಯ ಹಳ್ಳಿಯ ಇಗರ್ಜಿಗಳಲ್ಲಿ ರೈತರು ವಾದ್ಯದ ನೆರವಿಲ್ಲದೆ ನಾಲ್ಕು ಪದರದಲ್ಲಿ ಹಾಡುವುದನ್ನು ಕೇಳಿದವರು ಬೆರಗಾಗುತ್ತಾರೆ. ಆ ಬೆರಗು ಸಹಜ. ಅದೊಂದು ದೊಡ್ಡ ಸಾಧನೆ. ನುಡಿ ಉಳಿಯಲು, ಓದುಬರಹ ಹರಡಲು ಇಗರ್ಜಿ ಮಾಡಿದ ಉಪಕಾರವನ್ನು ಕಡೆಗಣಿಸುವಂತಿಲ್ಲ. ಆದರೆ ಹೊಸ ನಂಬಿಕೆಯೊಡನೆ ಹಳೆಯ ಕುಣಿತಕ್ಕೆ, ಅದರ ಜೊತೆಗಿದ್ದ ಮದ್ಯಕ್ಕೆ, ಪೂರ್ವಜರ ಮತ್ತು ಊರಕಾವಲಿನ ದೈವದ ಪೂಜೆಗೆ ತಡೆ ಬಿತ್ತು. ವೃತ್ತ ಕರಗಿ ಬೆಂಚಿನ ಸಾಲಾಯಿತು. ಕೊರಳಿಗೆ ನಾಲ್ಕು ಪಟ್ಟು ಕೆಲಸ ಸಿಕ್ಕಿತು, ಕಾಲು ಸುಮ್ಮನಾಯಿತು. ಕಾಲು ಸುಮ್ಮನಾದ ಕಡೆ ಆ ತಂತಿಗೆ ಯಾರೂ ಇಲ್ಲದಂತಾಯಿತು. ಮುಂದೆ ಹಾಡಿಗೆ ಜೊತೆ ಬೇಕೆನಿಸಿದಾಗ ಬಂದದ್ದು ಗಿಟಾರ್. ಮರದ ಹಲಗೆ, ನೀಳ ನಾದ, ಮೆಟ್ಟಿಲು ಕೂರಿಸಿದ ಕೊರಳು. ಕೊರಳಿಗೆ ಬೇಕಾದ ಗುಣವೆಲ್ಲ ಅದರಲ್ಲಿತ್ತು. ಇಲ್ಲಿ ಒಂದು ವಾದ್ಯ ಇನ್ನೊಂದನ್ನು ಸೋಲಿಸಿತು ಎನ್ನುವುದು ಸರಿಯಲ್ಲ. ಎರಡರ ಕೆಲಸವೂ ಬೇರೆಬೇರೆ. ಹಳೆಯ ವಾದ್ಯದ ಕೆಲಸವೇ ಇಲ್ಲವಾಗಿತ್ತು.

ಥಾಯ್ಲೆಂಡಿನಲ್ಲಿ ಬದಲಾವಣೆಯ ದಾರಿ ಬೇರೆ. ಅಲ್ಲಿ ಹಳೆಯ ಪೂಜೆಯನ್ನು ಉಳಿಸಿಕೊಂಡ ಹಳ್ಳಿಗಳು ಹೆಚ್ಚು. ಊರ ಕಾವಲಿನ ಅಜ್ಜನೆಂದು ನಂಬುವ ಅಪಾ ಮೊ ದೈವಕ್ಕೆ ಗುಡಿಯಿದೆ, ಹೊಸವರ್ಷದ ಗಿಡವಿದೆ. ಆದರೆ 1969ರಲ್ಲಿ ಆರಂಭವಾದ ಥಾಯ್ ಅರಮನೆಯ ಯೋಜನೆಯಿಂದ ಬೆಟ್ಟದ ಬೇಸಾಯ ಬದಲಾಯಿತು. ಗಸಗಸೆಯ ಹೊಲಗಳು ಹೋಗಿ ತರಕಾರಿ, ಹಣ್ಣು ಬಂದವು. ರಸ್ತೆ ಬಂತು, ಶಾಲೆ ಬಂತು, ಪ್ರವಾಸಿಗರು ಬಂದರು. ಕುಣಿತಕ್ಕೆ ವೇದಿಕೆಯೂ ಬಂತು. ವೇದಿಕೆಯ ಮೇಲೆ ವೃತ್ತ ಅರ್ಧಚಂದ್ರವಾಗುತ್ತದೆ, ಏಕೆಂದರೆ ನೋಡುವವರಿಗೆ ಬೆನ್ನು ತೋರಿಸಬಾರದು. ರಾತ್ರಿಯಿಡೀ ನಡೆಯುವ ಮಟ್ಟು ಹತ್ತು ನಿಮಿಷದ್ದಾಗುತ್ತದೆ. ಬೆಳಗಿನ ಜಾವದ ಹೊತ್ತಿಗೆ, ದಣಿದ ಕಾಲು ತಾನಾಗಿ ನಡೆಯುವ ಸ್ಥಿತಿಯಲ್ಲಿ, ಮಟ್ಟು ಪಡೆಯುವ ಒಂದು ನೆಮ್ಮದಿಯಿದೆ. ಅದು ಹತ್ತು ನಿಮಿಷದಲ್ಲಿ ಬರುವಂಥದ್ದಲ್ಲ. ರಾತ್ರಿಯ ಯಕ್ಷಗಾನವನ್ನು ಬೆಳಗಿನವರೆಗೆ ನೋಡಿದವರಿಗೆ, ಕಾಲಮಿತಿಯ ಪ್ರಯೋಗವನ್ನೂ ನೋಡಿದವರಿಗೆ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ.

ಆದ್ದರಿಂದ ನನ್ನ ತೀರ್ಮಾನವನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ. ಈ ವಾದ್ಯವನ್ನು ಉಳಿಸುವುದೆಂದರೆ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡುವುದಲ್ಲ, ತಂತಿಯ ಸಂಖ್ಯೆ ಹೆಚ್ಚಿಸಿ ಸಂಗೀತಶಾಲೆಯ ಕಛೇರಿವಾದ್ಯವಾಗಿ ಸುಧಾರಿಸುವುದೂ ಅಲ್ಲ. ಮೆಟ್ಟಿಲು ಕೂರಿಸಿ, ಚರ್ಮ ತೆಗೆದು ಹಲಗೆ ಹಾಕಿ ನಾದ ಉದ್ದ ಮಾಡಿದರೆ ಒಳ್ಳೆಯ ಹೊಸ ವಾದ್ಯವೊಂದು ಹುಟ್ಟಬಹುದು, ನನಗೆ ಅದರ ಮೇಲೆ ಮುನಿಸಿಲ್ಲ. ಆದರೆ ಅದು ಹೆಜ್ಜೆಯ ಜೊತೆಗಾರನಾಗಿ ಉಳಿಯುವುದಿಲ್ಲ. ಉಳಿಸಬೇಕಾದುದು ಅಂಗಳ, ವೃತ್ತ, ಇಡೀ ರಾತ್ರಿ. ಅವಿದ್ದರೆ ವಾದ್ಯವನ್ನು ಮಾಡುವ ಕೈ ತಾನಾಗಿ ಇರುತ್ತದೆ. ಚರ್ಮ ಹರಿದರೆ ಇನ್ನೊಂದು ಚರ್ಮ ಬಿಗಿಯುತ್ತಾರೆ. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುವವರನ್ನು ನಮ್ಮ ಊರ ಜಾತ್ರೆಗಳಲ್ಲಿ ನೋಡಿದ್ದೇವೆ. ಚರ್ಮ ಸಡಿಲವಾಗುತ್ತದೆ ಎಂದು ಯಾರೂ ತಮಟೆಯನ್ನು ಬಿಡಲಿಲ್ಲ. ಅದನ್ನು ಬಿಟ್ಟದ್ದು ಕುಣಿತ ನಿಂತ ಊರುಗಳಲ್ಲಿ.

ಕರ್ನಾಟಕದಲ್ಲಿ ಕೂತು ಇದನ್ನು ಕಿವಿಯಿಂದ ಪರೀಕ್ಷಿಸಿ ನೋಡಲು ದಾರಿಯಿದೆ. ಬೈಲಕುಪ್ಪೆಯಲ್ಲಿ, ಮುಂಡಗೋಡಿನಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟನ್ ಬಂಧುಗಳು ನಮ್ಮ ನೆರೆಯವರು. ಅವರ ದ್ರಾಮ್ಯೆನ್ ವಾದ್ಯದ ಬಾಯಿಯೂ ಚರ್ಮದ್ದು, ಕೊರಳಿಗೂ ಮೆಟ್ಟಿಲಿಲ್ಲ, ಆರು ತಂತಿಗಳನ್ನು ಎರಡೆರಡರಂತೆ ಮೂರು ಜೋಡಿಯಾಗಿ ಕಟ್ಟಿರುತ್ತಾರೆ. ಪಶ್ಚಿಮ ಟಿಬೆಟಿನ ತೋಷೆ ಎಂಬ ಪ್ರಕಾರದಲ್ಲಿ ವಾದ್ಯಗಾರ ಹಾಡುತ್ತಾ, ನುಡಿಸುತ್ತಾ ಕಾಲಿನಿಂದ ನೆಲಕ್ಕೆ ತಾಳ ಕುಟ್ಟುತ್ತಾನೆ. ಲಿಸು ವಾದ್ಯಕ್ಕಿಂತ ಇದು ಬೇರೆ, ಇಲ್ಲಿ ಹಾಡೂ ಇದೆ. ಆದರೆ ಚರ್ಮದ ಮೇಲಿನ ತಂತಿ ಕಾಲಿನೊಡನೆ ಹೇಗೆ ಮಾತಾಡುತ್ತದೆ ಎಂಬುದನ್ನು ತಿಳಿಯಲು ಯುನ್ನಾನಿಗೇ ಹೋಗಬೇಕಾಗಿಲ್ಲ. ಅವರ ಹೊಸವರ್ಷವಾದ ಲೋಸರ್ ಹಬ್ಬದ ದಿನಗಳಲ್ಲಿ ಅಲ್ಲಿಗೆ ಹೋಗಿ, ಕಣ್ಣನ್ನು ಕೈಯ ಮೇಲಲ್ಲ, ಪಾದದ ಮೇಲೆ ಇಟ್ಟು ಕೇಳಿ.

ಕೊನೆಗೆ ನಮ್ಮ ದೇಶದ ಲಿಸು ಜನರ ಮಾತು. ಅರುಣಾಚಲ ಪ್ರದೇಶದ ಚಾಂಗ್‌ಲಾಂಗ್ ಜಿಲ್ಲೆಯ ತುತ್ತತುದಿಯಲ್ಲಿ, ಮೂರು ಕಡೆ ಮ್ಯಾನ್ಮಾರ್ ಗಡಿ ಸುತ್ತುವರಿದ ಒಂದು ಕಣಿವೆಯಿದೆ. 1961ರಲ್ಲಿ ಅಸ್ಸಾಂ ರೈಫಲ್ಸ್‌ನ ತಂಡ ಅಲ್ಲಿಗೆ ತಲುಪಿತು. ಮುಂದೆ ಆ ಜಾಗಕ್ಕೆ ವಿಜಯನಗರ ಎಂಬ ಹೆಸರಾಯಿತು. ಹಂಪಿಯ ನೆನಪು ತರುವ ಹೆಸರು, ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಗಾಂಧಿಗ್ರಾಮ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ವಾಸವಾಗಿರುವ ಲಿಸು ಜನರನ್ನು ಸರ್ಕಾರಿ ಕಡತಗಳು ಯೋಬಿನ್ ಎಂದು ಕರೆಯುತ್ತವೆ. ಹೆಚ್ಚಿನವರು ಕ್ರೈಸ್ತರು. 1983ರಲ್ಲಿ ಘೋಷಣೆಯಾದ ನಾಮ್‌ದಾಫಾ ರಾಷ್ಟ್ರೀಯ ಉದ್ಯಾನದ ಒಳಗಿಂದ ಹಾದು ಮಿಯಾವೊ ಪಟ್ಟಣದಿಂದ ವಿಜಯನಗರಕ್ಕೆ ಹೋಗುವ ದಾರಿ 157 ಕಿಲೋಮೀಟರ್. ಮಳೆ ಹಿಡಿದರೆ ಅದು ನಡಿಗೆಯ ದಾರಿ. ಈ ಜನರ ಹೆಸರು ನಮ್ಮ ಪತ್ರಿಕೆಗಳಲ್ಲಿ ಬಂದರೆ ಕಾಡು, ಹುಲಿ, ಗಡಿ, ಪೌರತ್ವ ಇವುಗಳ ಜೊತೆಯಲ್ಲಿ ಬರುತ್ತದೆ. ಅವರ ಹಾಡು, ಹೆಜ್ಜೆ, ತಂತಿಗಳ ಸುದ್ದಿ ಬರುವುದಿಲ್ಲ.

ನಮ್ಮ ವಿಶ್ವವಿದ್ಯಾಲಯಗಳ ಜಾನಪದ ಮತ್ತು ಸಂಗೀತ ವಿಭಾಗಗಳಲ್ಲಿ ಓದುತ್ತಿರುವ ಯುವಕ ಯುವತಿಯರಲ್ಲಿ ನನ್ನ ಒಂದು ಕೋರಿಕೆಯಿದೆ. ನಿಮ್ಮಲ್ಲಿ ಯಾರಾದರೂ ಆ 157 ಕಿಲೋಮೀಟರ್ ದಾಟಿ ಹೋಗಿ. ಅಲ್ಲಿನ ಹಿರಿಯರ ಅನುಮತಿ ಪಡೆದು, ಅವರ ಮಾತನ್ನು ಕಲಿತು, ಅವಸರ ಮಾಡದೆ ಕೂತು ಕೇಳಿ. ವಾದ್ಯ ಕಂಡರೆ ತಂತಿ ಎಷ್ಟು, ಚರ್ಮ ಯಾವುದು ಎಂದು ಬರೆದುಕೊಳ್ಳುವ ಮೊದಲು ಇದಕ್ಕೆ ಹೆಜ್ಜೆ ಯಾವುದು ಎಂದು ಕೇಳಿ. ವಾದ್ಯ ಕಾಣದಿದ್ದರೆ ಹೆಜ್ಜೆ ನೆನಪಿರುವ ಅಜ್ಜಿಯೊಬ್ಬರನ್ನು ಹುಡುಕಿ. ದಾಖಲೆ ಮಾಡುವಾಗ ಕ್ಯಾಮೆರಾವನ್ನು ತುಸು ಕೆಳಗೆ, ಪಾದಗಳು ಕಾಣುವಂತೆ ಇಡಿ.